ಹೂಮರಕ್ಕೂ ತವರುಂಟು: ಓದುಗರ ಪ್ರಶ್ನೆ, ನನ್ನ ಉತ್ತರ

ಹೂಬಿಡುವ ಮರಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬಾಯಿತಪ್ಪಿ ಬರೆದುಬಿಟ್ಟೆ. ಸಂಪಾದಕರು ಅಕ್ಕಿ ಚೀಲದಷ್ಟು ದಪ್ಪದ ಕವರು ಕಳಿಸಿದ್ದಾರೆ. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟಿದ್ದೇನೆ, ಆದರೆ ಇಷ್ಟು ಪ್ರಶ್ನೆ ಒಂದು ವರ್ಷದಲ್ಲೂ ನನ್ನ ಮಕ್ಕಳು ಕೇಳಿರಲಿಲ್ಲ. ಎಲ್ಲಕ್ಕೂ ಉತ್ತರಿಸಲು ಜಾಗವಿಲ್ಲ. ಒಂದೇ ಬಗೆಯವನ್ನು ಒಟ್ಟು ಮಾಡಿ, ಉಳಿದವುಗಳಲ್ಲಿ ಕೆಲವನ್ನು ಆರಿಸಿದ್ದೇನೆ.

ಮೇಡಂ, ಜಪಾನಿಗೆ ಹೋಗಿದ್ದಾಗ ಚೆರ್ರಿ ಹೂ ನೋಡಿ ಮನಸೋತೆವು. ಯಲಹಂಕದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಗೇಟಿನ ಎರಡೂ ಬದಿ ಚೆರ್ರಿ ನೆಡಬೇಕೆಂಬ ಆಸೆ. ಸಸಿ ಎಲ್ಲಿ ಸಿಗುತ್ತದೆ? — ಹೊಸ ಮನೆಯವರು, ಯಲಹಂಕ

ಸಸಿ ಸಿಗಬಹುದು, ಹೂ ಸಿಗುವುದಿಲ್ಲ. ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇದೇ ಪ್ರಶ್ನೆ ಕೇಳಿದವರು ನಿಮ್ಮ ಜೊತೆ ಇನ್ನೂ ಹನ್ನೊಂದು ಮಂದಿ ಇದ್ದಾರೆ.

ಚೆರ್ರಿ ಮರ ಮುಂದಿನ ವರ್ಷದ ಮೊಗ್ಗನ್ನು ಬೇಸಿಗೆಯಲ್ಲೇ ಸಣ್ಣಗೆ ಕಟ್ಟಿಟ್ಟುಕೊಂಡು ಚಳಿಗಾಲಕ್ಕೆ ನಿದ್ದೆ ಹೋಗುತ್ತದೆ. ಆ ನಿದ್ದೆಯಿಂದ ಏಳಬೇಕಾದರೆ ವಾರಗಟ್ಟಲೆ ಕೊರೆಯುವ ಚಳಿ ಬೀಳಬೇಕು. ನಮ್ಮ ಫ್ರಿಜ್ಜಿನೊಳಗಿನ ಚಳಿ ಇರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಅದು ಮುಗಿದ ಮೇಲೆ ಬಿಸಿಲೇರಬೇಕು. ಎರಡೂ ಆದರೆ ಮಾತ್ರ ಹೂ. ಬೆಂಗಳೂರಿನ ಜನವರಿಯ ರಾತ್ರಿ ನಮಗೆ ಸ್ವೆಟರು ಹಾಕಿಸುತ್ತದೆ, ಚೆರ್ರಿಗೆ ಅದು ಚಳಿಯೇ ಅಲ್ಲ. ಗಿಡ ನಾಲ್ಕು ಎಲೆ ಬಿಟ್ಟುಕೊಂಡು, ಯಾವಾಗ ಮಲಗಬೇಕು ಯಾವಾಗ ಏಳಬೇಕು ತಿಳಿಯದೆ ಕಂಗಾಲಾಗಿ, ಒಂದು ದಿನ ಒಣಗುತ್ತದೆ.

ನೀವು ಜಪಾನಿನಲ್ಲಿ ನೋಡಿದ್ದು ಬಹುಶಃ ಸೊಮೆಯ್ ಯೊಶಿನೊ ಎಂಬ ತಳಿ. ಅದು ಬೀಜದಿಂದ ಬೆಳೆಸಿದ್ದಲ್ಲ, ಎಲ್ಲವೂ ಕಸಿ. ಒಂದೇ ಮರವನ್ನು ಲಕ್ಷಾಂತರ ಸಲ ನಕಲು ಮಾಡಿದಂತೆ. ಅದಕ್ಕೇ ಇಡೀ ಬೀದಿ ಒಟ್ಟಿಗೆ ಅರಳಿ, ವಾರ ಹತ್ತು ದಿನದಲ್ಲಿ ಒಟ್ಟಿಗೆ ಉದುರುತ್ತದೆ. ಕ್ಯೋಟೊ ಊರಿನಲ್ಲಿ ಚೆರ್ರಿ ಅರಳಿದ ದಿನದ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. ಅಷ್ಟು ವರ್ಷಗಳ ಲೆಕ್ಕದಲ್ಲಿ 2021ರ ಮಾರ್ಚ್ 26ರಷ್ಟು ಬೇಗ ಪೂರ್ತಿ ಅರಳಿದ್ದು ಅದಕ್ಕೆ ಮುಂಚೆ ಇರಲಿಲ್ಲ.

ನಿಮ್ಮ ಆಸೆಯನ್ನೇ ಪಟ್ಟ ಒಬ್ಬ ರಾಷ್ಟ್ರಾಧ್ಯಕ್ಷರೂ ಇದ್ದರು. 1930ರ ಹೊತ್ತಿಗೆ ಮೆಕ್ಸಿಕೊದ ಅಧ್ಯಕ್ಷ ಪಾಸ್ಕುವಲ್ ಒರ್ತೀಸ್ ರೂಬಿಯೊ, ವಾಷಿಂಗ್ಟನ್ನಿನಲ್ಲಿರುವಂತೆ ತಮ್ಮ ರಾಜಧಾನಿಯಲ್ಲೂ ಚೆರ್ರಿ ಸಾಲು ಇರಲಿ ಎಂದು ಜಪಾನನ್ನು ಕೇಳಿದರು. ಜಪಾನಿನವರು ಅಲ್ಲೇ ನೆಲೆಸಿದ್ದ ತಮ್ಮ ತೋಟಗಾರ ತತ್ಸುಗೊರೊ ಮತ್ಸುಮೊತೊ ಅವರ ಅಭಿಪ್ರಾಯ ಕೇಳಿದರೆ, ಈ ಊರಿನ ಚಳಿ ಚೆರ್ರಿಗೆ ಸಾಲದು ಎಂದುಬಿಟ್ಟರು. ಅವರು ಮೊದಲಿನಿಂದ ಹೇಳುತ್ತಿದ್ದದ್ದು ದಕ್ಷಿಣ ಅಮೆರಿಕದ ಜಕರಂಡ. ಇವತ್ತು ಮೆಕ್ಸಿಕೊ ನಗರಕ್ಕೆ ವಸಂತ ಬಂತೆಂದರೆ ಬೀದಿ ಬೀದಿ ನೇರಳೆ. ತಮ್ಮ ದೇಶದ ಹೂವನ್ನು ಬೇಡವೆಂದು ಹೇಳುವಷ್ಟು ಕಸುಬು ಬಲ್ಲವರಾಗಿದ್ದರಲ್ಲ ಎಂದು ನನಗೆ ಆ ಮನುಷ್ಯರ ಮೇಲೆ ತುಂಬ ಗೌರವ.

ಬೆಂಗಳೂರಿಗೂ ಅಂಥ ಒಬ್ಬರು ಸಿಕ್ಕಿದ್ದರು. ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದು, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ಊರಿನಲ್ಲಿ ಹೂವಿಲ್ಲದ ತಿಂಗಳೇ ಇರಬಾರದು ಎಂದು ಲೆಕ್ಕ ಹಾಕಿ ಬೀದಿಮರಗಳನ್ನು ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ನಗರಕ್ಕೆ ಸುಮಾರು 15 ಲಕ್ಷ ಸಸಿ ಬಿತ್ತು. ಈಗ ಪ್ರತಿ ವರ್ಷ ನೀವೆಲ್ಲ ಫೋನ್ ಹಿಡಿದು 'ಬೆಂಗಳೂರಿನ ಚೆರ್ರಿ' ಎಂದು ಫೋಟೊ ಹಾಕುತ್ತೀರಲ್ಲ, ಆ ಗುಲಾಬಿ ಬಣ್ಣದ ಮರ ಚೆರ್ರಿಯಲ್ಲ, ಟಬೆಬುಯಾ. ನರ್ಸರಿಯವರ ಬಾಯಲ್ಲಿ ಟಬೂಬಿಯಾ. ತವರು ಮಧ್ಯ ಅಮೆರಿಕದ ಕಡೆ, ಎಲ್ ಸಾಲ್ವಡಾರ್ ದೇಶದ ರಾಷ್ಟ್ರವೃಕ್ಷ. ಅಲ್ಲಿಯೂ ನಮ್ಮಂತೆಯೇ ಒಂದು ಮಳೆಗಾಲ, ಒಂದು ಒಣಗಾಲ. ಹಾಗಾಗಿ ಇಲ್ಲಿ ಒಗ್ಗಿಕೊಂಡಿತು.

ಇನ್ನು ಸಸಿ ಕೊಳ್ಳುವ ವಿಚಾರ. ನಾನೂ ಒಮ್ಮೆ ಮೋಸಹೋಗಿದ್ದೇನೆ. ಗುಡ್ಡಗಾಡಿನ ಊರೊಂದರ ನರ್ಸರಿಯಲ್ಲಿ 'ಚೆರ್ರಿ, ಬಿಸಿಲಿಗೂ ಬರುತ್ತೆ ಮೇಡಂ' ಎಂದು ಎಲೆಯಿಲ್ಲದ ಕಡ್ಡಿಯೊಂದನ್ನು ಆರುನೂರು ರೂಪಾಯಿಗೆ ಕೊಟ್ಟರು. ಪಾಠ ಹೇಳಿದವಳು ನಾನು, ಆದರೂ ಆಸೆ ಕಣ್ಣು ಕಟ್ಟಿತು. ಮೂರು ವಾರಕ್ಕೆ ಎಲೆ ಬಿಟ್ಟಿತು. ಮುಟ್ಟಿದರೆ ಅಂಟಂಟು, ಬುಡದಲ್ಲಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿದ ಎಲೆ. ನಮ್ಮ ಶಾಲೆಯ ಹಿಂದೆ ಹತ್ತಿ ಕಿತ್ತು ತಿನ್ನುತ್ತಿದ್ದ ಗಸಗಸೆ ಹಣ್ಣಿನ ಮರ! ಅದಕ್ಕೆ ಸಿಂಗಾಪುರ ಚೆರ್ರಿ ಎಂಬ ಹೆಸರೂ ಇದೆ, ಆ ಲೆಕ್ಕದಲ್ಲಿ ಅವರು ಸುಳ್ಳನ್ನೂ ಹೇಳಿರಲಿಲ್ಲ. ಈಗ ಅದು ನಮ್ಮ ಹಿತ್ತಲಲ್ಲಿ ಮಾಳಿಗೆ ಎತ್ತರ ಬೆಳೆದು ರಾತ್ರಿ ಬಾವಲಿ, ಹಗಲು ಪಕ್ಕದ ಮನೆ ಹುಡುಗರನ್ನು ಸಾಕುತ್ತಿದೆ.

ಭಾರತದಲ್ಲೂ ಚೆರ್ರಿ ಇಲ್ಲವೆಂದಲ್ಲ. ಆಯುರ್ವೇದದವರು ಪದ್ಮಕ ಎನ್ನುವುದು ಹಿಮಾಲಯದ ಕಾಡುಚೆರ್ರಿಯನ್ನೇ. ಶಿಲ್ಲಾಂಗಿನಲ್ಲಿ ಅದು ನವೆಂಬರಿನಲ್ಲಿ ಅರಳುತ್ತದೆ, ಜಪಾನಿಗಿಂತ ವಿಮಾನದ ಖರ್ಚೂ ಕಡಿಮೆ. ಗೇಟಿನ ಬದಿಗೆ ಗುಲಾಬಿ ಟಬೆಬುಯಾ ಹಾಕಿ, ವಿದ್ಯುತ್ ತಂತಿಯಿಂದ ದೂರ.

ಎಂಟು ವರ್ಷದ ಟಬೆಬುಯಾ. ಹಸಿರಾಗಿ, ಸೊಂಪಾಗಿ ಇದೆ. ದಿನವೂ ಡ್ರಿಪ್ ನೀರು, ತಿಂಗಳಿಗೊಮ್ಮೆ ಗೊಬ್ಬರ. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಏನು ಕೊರತೆ? — ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಕೊರತೆ ಏನೂ ಇಲ್ಲದಿರುವುದೇ ತೊಂದರೆ.

ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಒಂದೇ ದಿನ ನೆಟ್ಟ ಎರಡು ಟಬೆಬುಯಾ ಇದ್ದವು. ಒಂದು ಸೈಕಲ್ ಸ್ಟ್ಯಾಂಡಿನ ಪಕ್ಕ, ಬರೀ ಕಲ್ಲುಮಣ್ಣಿನ ದಿಬ್ಬದ ಮೇಲೆ. ಇನ್ನೊಂದು ನೀರಿನ ಟ್ಯಾಂಕಿನ ಕೆಳಗೆ, ಸದಾ ಸೋರುವ ನಲ್ಲಿಯ ಬುಡದಲ್ಲಿ. ಚಳಿಗಾಲ ಕಳೆಯುತ್ತಿದ್ದಂತೆ ದಿಬ್ಬದ ಮರ ಎಲೆಯೆಲ್ಲ ಉದುರಿಸಿ, ಟೊಂಗೆ ಕಾಣದಷ್ಟು ಗುಲಾಬಿ ಆಗುತ್ತಿತ್ತು. ಬೆಳಿಗ್ಗೆ ಸೈಕಲ್ ಸೀಟುಗಳ ಮೇಲೆ ಕಹಳೆಯಂಥ ಹೂಗಳು ಬೋರಲು ಬಿದ್ದಿರುತ್ತಿದ್ದವು. ನಲ್ಲಿಯ ಮರಕ್ಕೆ ಅದ್ಯಾವುದರ ಪರಿವೆಯೂ ಇಲ್ಲ, ಹಸಿರು ಛತ್ರಿಯಂತೆ ನಿಂತಿರುತ್ತಿತ್ತು. ಮೂರು ವರ್ಷ ಅರ್ಜಿ ಬರೆದ ಮೇಲೆ ನಲ್ಲಿ ರಿಪೇರಿಯಾಯಿತು. ಮರುವರ್ಷ ಆ ಮರವೂ ಎಲೆ ಉದುರಿಸಿ ಅರಳಿತು. ಅರ್ಜಿಯಲ್ಲಿ ನಾನು ಬರೆದಿದ್ದು ನೀರು ಪೋಲಾಗುತ್ತಿದೆ ಎಂದು. ಹೂವಿಗಾಗಿ ಎಂದು ಬರೆದಿದ್ದರೆ ಇನ್ನೂ ಮೂರು ವರ್ಷ ಕಾಯಬೇಕಾಗುತ್ತಿತ್ತು.

ಈ ಮರ ಒಣಗಾಲದ ಬಿಗಿಯನ್ನು ಕಂಡು ಹೂಬಿಡುವ ಜಾತಿ. ಹಳದಿ ಟಬೆಬುಯಾ, ಜಕರಂಡ, ನಮ್ಮದೇ ಮುತ್ತುಗ, ಬೂರುಗ ಎಲ್ಲದರ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಎಲೆ ಇಲ್ಲದ ಮರದ ಹೂ ದೂರದ ಜೇನಿಗೂ ಹಕ್ಕಿಗೂ ಕಾಣುತ್ತದೆ, ಎಲೆಯಿಂದ ಆವಿಯಾಗುವ ನೀರೂ ಉಳಿಯುತ್ತದೆ. ದೀಪಾವಳಿ ಕಳೆದ ಮೇಲೆ ಡ್ರಿಪ್ ಮುಚ್ಚಿ. ಗೊಬ್ಬರ ಪೂರ್ತಿ ನಿಲ್ಲಿಸಿ. ಎಲೆ ಬಾಡಿದರೆ ಕರುಳು ಚುರುಕ್ ಅನ್ನುತ್ತದೆ, ತಡೆದುಕೊಳ್ಳಿ.

ನಾಗಲಿಂಗ ಪುಷ್ಪ ವಿದೇಶದ್ದು ಎಂದು ಹಿಂದೊಮ್ಮೆ ಬರೆದಿದ್ದಿರಿ. ನಮ್ಮ ದೇವಸ್ಥಾನದಲ್ಲಿ ಅಜ್ಜನ ಕಾಲದಿಂದ ಮರವಿದೆ. ಹೆಡೆಯೆತ್ತಿದ ಸರ್ಪ, ಒಳಗೆ ಲಿಂಗ, ಇಷ್ಟು ಸ್ಪಷ್ಟವಾಗಿರುವ ಹೂ ಹೊರಗಿನದು ಹೇಗಾದೀತು? ಓದಿ ನೋವಾಯಿತು. — ಅರ್ಚಕರು, ನಂಜನಗೂಡು ತಾಲ್ಲೂಕು

ಸ್ವಾಮಿ, ನೋವು ಮಾಡುವ ಉದ್ದೇಶ ನನಗಿರಲಿಲ್ಲ. ಆದರೆ ತವರು ಕೇಳಿದರೆ ಸುಳ್ಳು ಹೇಳಲಾರೆ. ನಾಗಲಿಂಗದ ಮೂಲ ದಕ್ಷಿಣ ಅಮೆರಿಕದ ಮಳೆಕಾಡು, ಗಯಾನಾ ಮತ್ತು ಅಮೆಜಾನ್ ಕಡೆ. ಅದರ ವೈಜ್ಞಾನಿಕ ಹೆಸರಿನಲ್ಲೇ ಗಯಾನಾ ಸೇರಿಕೊಂಡಿದೆ. ಬ್ರೆಜಿಲ್ ನಟ್ ಅಂಗಡಿಯಲ್ಲಿ ನೋಡಿರುತ್ತೀರಿ, ಅದರ ದಾಯಾದಿ.

ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. ಆರು ದಪ್ಪ ಎಸಳು. ನಡುವೆ ಲಿಂಗ ಎನ್ನುವ ಭಾಗದ ಸುತ್ತ ಒಂದು ಉಂಗುರ ಗಿಡ್ಡ ಕೇಸರಗಳಿವೆ, ಅವುಗಳ ಪರಾಗದಿಂದಲೇ ಕಾಯಿ ಕಟ್ಟುವುದು. ಮೇಲೆ ಬಾಗಿದ ಹೆಡೆಯಲ್ಲೂ ಕೇಸರಗಳಿವೆ, ಅದರ ಪರಾಗದಿಂದ ಬೀಜ ಆಗುವುದಿಲ್ಲ, ಅದು ದುಂಬಿಗೆ ಇಟ್ಟ ಊಟ. ಈ ಹೂವಿನಲ್ಲಿ ಮಕರಂದವಿಲ್ಲ. ದುಂಬಿ ಹೆಡೆಯ ಪರಾಗ ತಿನ್ನಲು ಒಳಗೆ ನುಗ್ಗಿದಾಗ ಅದರ ಬೆನ್ನು ಕೆಳಗಿನ ಉಂಗುರಕ್ಕೆ ತಾಗಿ, ನಿಜವಾದ ಪರಾಗ ಅಂಟಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ನೈವೇದ್ಯ ಬೇರೆ, ಪೂಜೆ ಬೇರೆ ಎಂದಂತೆ.

ಶ್ರೀಲಂಕಾದ ಬೌದ್ಧ ವಿಹಾರಗಳಲ್ಲಿ ಇದೇ ಮರವನ್ನು ಬುದ್ಧ ಹುಟ್ಟಿದ ಸಾಲವೃಕ್ಷವೆಂದು ಪೂಜಿಸುತ್ತಾರೆ. ನಿಜವಾದ ಸಾಲ ಬೇರೆಯೇ ಮರ. ಇನ್ನು ಆಯುಧಪೂಜೆಗೆ ಲಾರಿಗಟ್ಟಲೆ ತರುವ ಚೆಂಡುಹೂ ಮೆಕ್ಸಿಕೊದ್ದು. ದೇವರು ಬೇಡವೆಂದಿಲ್ಲ, ನಿಮ್ಮ ಮರವನ್ನೂ ಬೇಡವೆನ್ನುವುದಿಲ್ಲ. ನನ್ನ ಕೋರಿಕೆ ಒಂದೇ. ಕಾಯಿ ಫಿರಂಗಿ ಗುಂಡಿನಷ್ಟಿರುತ್ತದೆ, ಹಣ್ಣಾಗಿ ಬಿದ್ದು ಒಡೆದರೆ ದುರ್ನಾತ. ಮರದ ಕೆಳಗೆ ಭಕ್ತರು ಎಲೆ ಹಾಕಿಕೊಂಡು ಊಟಕ್ಕೆ ಕೂರದಂತೆ ಒಂದು ಬೇಲಿ ಹಾಕಿಸಿ.

ಮೂವತ್ತು ನಲವತ್ತರ ಸೈಟು. ಕಾಂಪೌಂಡಿಗೆ ತಾಗಿ ಗುಲ್‌ಮೊಹರ್ ಹಾಕಬಹುದೇ? — ದಾವಣಗೆರೆ

ಬೇಡ. ಬೇರು ಮೇಲೆಮೇಲೆ ಹರಡಿ ಗೋಡೆ ಎತ್ತುತ್ತದೆ, ಟೊಂಗೆ ಮೇ ತಿಂಗಳ ಗಾಳಿಮಳೆಗೆ ಕಾರಿನ ಮೇಲೆ ಬೀಳುತ್ತದೆ. ತವರು ಮಡಗಾಸ್ಕರ್, ಅಲ್ಲಿ ಯಾರ ಕಾಂಪೌಂಡೂ ಇರಲಿಲ್ಲ. ನಾವು ಕತ್ತಿಕಾಯಿ ಮರ ಎನ್ನುವುದೂ ಇದನ್ನೇ, ಅದು ಮೈದಾನಕ್ಕೆ ಚೆಂದ. ನಿಮ್ಮ ಸೈಟಿಗೆ ಕಕ್ಕೆ ಹಾಕಿ. ಬೀಜದ ಸಿಪ್ಪೆ ಗಟ್ಟಿ, ಒರಟು ಕಲ್ಲಿಗೆ ಒಂದು ಬದಿ ಉಜ್ಜಿ ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿ. ಥಾಯ್ಲೆಂಡಿನವರಿಗೆ ರಾಷ್ಟ್ರವೃಕ್ಷ, ಕೇರಳದವರಿಗೆ ವಿಷು ಕಣಿ, ನಮ್ಮವರಿಗೆ ಮಾತ್ರ ಅದು 'ಯಾವುದೋ ಕಾಡುಮರ'.

ಹಾಂಗ್‌ಕಾಂಗ್ ಆರ್ಕಿಡ್ ಮರ ಎಂದು ತಂದೆವು. ಮಂದಾರದ ಜಾತಿಯಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹೂ, ಆದರೆ ಒಂದೂ ಕಾಯಿ ಕಟ್ಟಿಲ್ಲ. ಗಿಡಕ್ಕೆ ರೋಗವೇ? — ಗೃಹಿಣಿ, ಉಡುಪಿ

ರೋಗವಲ್ಲ, ಅದು ಹುಟ್ಟಿನಿಂದಲೇ ಬಂಜೆ. ಹಾಗೆಂದು ಅದರ ಕತೆ ಸಣ್ಣದಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಹಾಂಗ್‌ಕಾಂಗ್ ದ್ವೀಪದ ಕಡಲ ದಂಡೆಯಲ್ಲಿ ಫ್ರೆಂಚ್ ಪಾದ್ರಿಯೊಬ್ಬರ ಕಣ್ಣಿಗೆ ಈ ಜಾತಿಯ ಒಂದೇ ಒಂದು ಮರ ಬಿತ್ತು. ಅಂಥದ್ದು ಇನ್ನೊಂದು ಎಲ್ಲೂ ಇರಲಿಲ್ಲ. ಅದರ ಕಡ್ಡಿ ನೆಟ್ಟು, ಕಸಿ ಕಟ್ಟಿ ಬೆಳೆಸಿದರು. ಗವರ್ನರ್ ಆಗಿದ್ದ ಬ್ಲೇಕ್ ಅವರ ಹೆಸರಿಟ್ಟು 1908ರಲ್ಲಿ ಸಸ್ಯಶಾಸ್ತ್ರದ ಪುಸ್ತಕಕ್ಕೆ ಸೇರಿಸಿದರು. ಜಗತ್ತಿನಲ್ಲಿ ಇವತ್ತು ಇರುವ ಈ ಜಾತಿಯ ಮರಗಳೆಲ್ಲ ಆ ಒಂದು ಮರದ ಕಡ್ಡಿಯ ಕಡ್ಡಿಯ ಕಡ್ಡಿ, ನಿಮ್ಮ ಬಾವಿಕಟ್ಟೆ ಪಕ್ಕದ್ದೂ ಸೇರಿ. 1997ರಿಂದ ಹಾಂಗ್‌ಕಾಂಗಿನ ಬಾವುಟದ ಮೇಲಿರುವ ಐದೆಸಳಿನ ಬಿಳಿ ಹೂ ಇದೇ. ನಿಜದ ಹೂ ಕೆನ್ನೇರಳೆ.

ತಂದೆತಾಯಿ ಯಾರು ಗೊತ್ತೇ? ನಮ್ಮ ಬೀದಿಗಳಲ್ಲಿ ಕಾಣುವ ಕೆಂಪುಮಂದಾರ, ಕಂಚುವಾಳದ ಜಾತಿಯ ಎರಡು ಮರಗಳೇ. ಎರಡೂ ಭಾರತದಲ್ಲಿ ಬೆಳೆಯುವಂಥವು. ಅವುಗಳ ಬೆರಕೆಯಿಂದ ಹುಟ್ಟಿದ ಮಗು ಇದು, ಕಾಯಿ ಕಟ್ಟುವ ಶಕ್ತಿಯಿಲ್ಲ. ಕಾಯಿಯ ಕೆಲಸ ಇಲ್ಲದ್ದರಿಂದಲೇ ಅಷ್ಟು ದಿನ ಹೂ ಬಿಡುತ್ತಲೇ ಇರುತ್ತದೆ. ಹಸುವಿನ ಗೊರಸಿನಂತೆ ಸೀಳಿದ ಅದರ ಎಲೆಯನ್ನು ಅಲ್ಲಿನ ಶಾಲಾಮಕ್ಕಳು ಒಣಗಿಸಿ ಪುಸ್ತಕದಲ್ಲಿಟ್ಟುಕೊಳ್ಳುತ್ತಾರೆ, ಬುದ್ಧಿ ಹೆಚ್ಚುತ್ತದಂತೆ. ನಾವು ನವಿಲುಗರಿ ಇಟ್ಟು ಮರಿ ಹಾಕುತ್ತದೆಂದು ಕಾದದ್ದು ನೆನಪಾಯಿತು.

ನಾನು ಪ್ರಿಟೋರಿಯಾದಲ್ಲಿದ್ದೇನೆ. ಅಕ್ಟೋಬರಿನಲ್ಲಿ ಇಲ್ಲಿನ ಜಕರಂಡ ನೋಡಿದರೆ ಜಯನಗರವೇ ಕಣ್ಣಮುಂದೆ ಬರುತ್ತದೆ. ನಮ್ಮ ಅಂಗಳದಲ್ಲೂ ಒಂದು ನೆಡಬೇಕು. ಸಲಹೆ ಕೊಡಿ ಅಮ್ಮಾ. — ಕನ್ನಡಿಗ, ದಕ್ಷಿಣ ಆಫ್ರಿಕಾ

ತಡೆಯಪ್ಪಾ, ಸಲಿಕೆ ಕೆಳಗಿಡಿ. ಜಕರಂಡ ನಗರಿ ಎಂದೇ ಹೆಸರಾದ ನಿಮ್ಮ ಊರಿನಲ್ಲಿ ಈಗ ಹೊಸದಾಗಿ ಜಕರಂಡ ನೆಡುವಂತಿಲ್ಲ. ಅರ್ಜೆಂಟೀನಾ, ಬೊಲಿವಿಯಾ ಕಡೆಯಿಂದ ಬಂದ ಈ ಮರದ ಚಪ್ಪಟೆ ಕಾಯಿ ಒಡೆದರೆ ಒಳಗಿನ ಬೀಜಕ್ಕೆ ಕಾಗದದಂಥ ರೆಕ್ಕೆ. ಗಾಳಿಗೆ ಹಾರಿ, ಹಳ್ಳಕೊಳ್ಳದ ದಂಡೆ ಹಿಡಿದು, ಅಲ್ಲಿನ ಮೂಲದ ಗಿಡಗಳನ್ನು ಒತ್ತರಿಸಿತು. ಹಾಗಾಗಿ ಅಲ್ಲಿನ ಸರ್ಕಾರ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿದೆ. ಬೀದಿಯಲ್ಲಿ ಇರುವುದನ್ನು ಕಣ್ತುಂಬ ನೋಡಿ.

ನಮ್ಮಲ್ಲಿ ಮಾರ್ಚಿನ ಸುಮಾರಿಗೆ ಅರಳುವುದು ನಿಮ್ಮಲ್ಲಿ ಅಕ್ಟೋಬರಿಗೆ, ಏಕೆಂದರೆ ನಿಮ್ಮ ವಸಂತವೇ ಆಗ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ವಾಲ್ಟರ್ ಹಿಲ್ ಎಂಬವರು 1864ರಲ್ಲಿ ಮೊದಲ ಜಕರಂಡ ನೆಟ್ಟರು. ಈಗ ಅಲ್ಲಿನ ವಿಶ್ವವಿದ್ಯಾಲಯದ ಮಕ್ಕಳಿಗೆ ನೇರಳೆ ಹೂ ಕಂಡರೆ ಎದೆ ಝಲ್ ಅನ್ನುತ್ತದೆ. ಪರೀಕ್ಷೆಗೆ ಸರಿಯಾಗಿ ಅರಳುವುದರಿಂದ ಅದಕ್ಕೆ 'ನೇರಳೆ ಗಾಬರಿ' ಎಂದೇ ಹೆಸರು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಅದೇ ಹೊತ್ತು, ಆದರೆ ಅವರಿಗೆ ತಲೆಯೆತ್ತಿ ಮರ ನೋಡಲು ಬಿಡುವವರು ಯಾರು?

ನಿಮ್ಮ ಅಂಗಳಕ್ಕೆ ಆ ನೆಲದ್ದೇ ಆದ ಬೊಲುಸಾಂಥಸ್ ಕೇಳಿ ನೋಡಿ, ನರ್ಸರಿಯಲ್ಲಿ ವಿಸ್ಟೀರಿಯಾ ಮರ ಎನ್ನುತ್ತಾರೆ. ಗೊಂಚಲು ಗೊಂಚಲಾಗಿ ಇಳಿಬೀಳುವ ನೇರಳೆ ಹೂ, ಸಣ್ಣ ಮರ. ಊರಿನ ನೆನಪೇ ಬೇಕೆಂದರೆ ನಮ್ಮ ಹಾಲುವಾಣದ ಅಕ್ಕನ ಮಗಳಂಥ ಕೆಂಪು ಹೂವಿನ ಮರವೂ ಆ ನಾಡಿನಲ್ಲಿದೆ. ಅದೇ ಎರಿಥ್ರಿನಾ ಕುಲ.

ಅಕ್ಕಾರ, ದೇವಕಣಗಿಲ ಟೊಂಗಿ ಮೂರ ಸರ್ತೆ ಹಚ್ಚೇನ್ರಿ. ದಿನಾ ನೀರ ಹಾಕತೇನಿ. ಮೂರೂ ಸರ್ತೆ ಕೊಳತ ಹೋತು. ಯಾಕ್ರಿ? — ಧಾರವಾಡ

ದಿನಾ ನೀರ ಹಾಕೂದಕ್ಕನ ರೀ. ನಮ್ಮ ಅತ್ತೆಯ ಮನೆ ಆ ಕಡೆಯೇ, ಅಷ್ಟು ಮಾತು ಬರುತ್ತದೆ, ಮುಂದಿನದು ನನ್ನ ಭಾಷೆಯಲ್ಲೇ ಹೇಳುತ್ತೇನೆ. ಟೊಂಗೆ ಕಡಿದ ಕೂಡಲೇ ಹಾಲು ಸುರಿಯುತ್ತದಲ್ಲ, ಆ ಗಾಯ ಮಾಯುವ ಮುಂಚೆಯೇ ಹಸಿಮಣ್ಣಿಗೆ ಊರಿದರೆ ಕೊಳೆಯುತ್ತದೆ. ಒಂದು ಮೊಳದ ಬಲಿತ ಟೊಂಗೆ ಕಡಿದು, ಎಲೆ ತೆಗೆದು, ಒಂದು ವಾರ ಹತ್ತು ದಿನ ನೆರಳಿನಲ್ಲಿ ಗೋಡೆಗೆ ಒರಗಿಸಿ ಮರೆತುಬಿಡಿ. ಕಡಿದ ಜಾಗ ಒಣಗಿ ಗಟ್ಟಿಯಾಗಲಿ. ಆಮೇಲೆ ಮರಳು ಬೆರೆಸಿದ ಮಣ್ಣಿಗೆ ಊರಿ, ಒಂದೇ ಸಲ ನೀರು ಕೊಟ್ಟು, ಚಿಗುರು ಕಾಣುವ ತನಕ ಕೈಕಟ್ಟಿ ಕೂರಿ. ಮಳೆಗಾಲದಲ್ಲಿ ಬೇಡ, ಶಿವರಾತ್ರಿ ಕಳೆದ ಮೇಲೆ ಮಾಡಿ.

ರಾತ್ರಿ ಅದರ ಪರಿಮಳ ಯಾಕೆ ಹೆಚ್ಚುತ್ತದೆ ಎಂದೂ ಕೇಳಿದ್ದೀರಿ. ರಾತ್ರಿ ಹಾರುವ ದೊಡ್ಡ ಪತಂಗಗಳನ್ನು ಕರೆಯಲು. ಪಾಪ, ಅವು ಮಕರಂದ ಸಿಗುತ್ತದೆಂದು ಹೂವಿನಿಂದ ಹೂವಿಗೆ ಅಲೆಯುತ್ತವೆ, ಒಂದು ಹನಿಯೂ ಇರುವುದಿಲ್ಲ. ಬರಿಗೈಯಲ್ಲಿ ಕಳಿಸಿದರೂ ಕೆಲಸ ಮಾಡಿಸಿಕೊಳ್ಳುವ ಮರ.

ಲಾಲ್‌ಬಾಗಿನಲ್ಲಿ 'ಹೂಮರಗಳ ರಾಣಿ' ಎಂದು ಆಮ್‌ಹರ್ಸ್ಟಿಯಾ ತೋರಿಸಿದರು. ಅದರ ಬೀಜ ಎಲ್ಲಿ ಸಿಗುತ್ತದೆ? — ತೀರ್ಥಹಳ್ಳಿ

ಬೀಜ ಕಟ್ಟುವುದೇ ಅಪರೂಪ. ಬರ್ಮಾದ ಮರ ಅದು. 1820ರ ದಶಕದಲ್ಲಿ ನಥಾನಿಯಲ್ ವಾಲಿಚ್ ಎಂಬ ಸಸ್ಯಶಾಸ್ತ್ರಜ್ಞ ಅಲ್ಲಿನ ಬೌದ್ಧ ಮಠವೊಂದರ ತೋಟದಲ್ಲಿ ಕಂಡ. ಹತ್ತಿರದ ಗುಹೆಯೊಳಗೆ ಬುದ್ಧನ ವಿಗ್ರಹಗಳ ಮುಂದೆ ಅದೇ ಹೂವನ್ನು ಬೊಗಸೆಗಟ್ಟಲೆ ಇಟ್ಟಿದ್ದರಂತೆ. ಗವರ್ನರ್ ಜನರಲ್ಲರ ಹೆಂಡತಿ ಲೇಡಿ ಆಮ್‌ಹರ್ಸ್ಟ್ ಹೆಸರಿಟ್ಟ. ಇಂಗ್ಲೆಂಡಿನ ಶ್ರೀಮಂತರು ಗಾಜಿನ ಮನೆಯಲ್ಲಿ ಇದನ್ನು ಅರಳಿಸಲು ಪೈಪೋಟಿಗೆ ಬಿದ್ದರು. 1849ರಲ್ಲಿ ಅಲ್ಲಿ ಮೊದಲ ಹೂ ಬಿಟ್ಟಾಗ ಅದನ್ನು ವಿಕ್ಟೋರಿಯಾ ರಾಣಿಗೆ ಕಳಿಸಲಾಯಿತು.

ಹೂಗೊಂಚಲು ದೀಪದ ಗುಚ್ಛದಂತೆ ಕೆಳಕ್ಕೆ ಇಳಿದಿರುತ್ತದೆ, ಕೆಂಪಿನ ಮೇಲೆ ಹಳದಿ ಬೊಟ್ಟು. ಹೊಸ ಚಿಗುರು ಒಗೆದು ಹಿಂಡದೆ ನೇತುಹಾಕಿದ ಬಟ್ಟೆಯಂತೆ ಜೋಲುತ್ತದೆ, ಬಾಡಿದೆ ಎಂದು ಗಾಬರಿಯಾಗಬೇಡಿ. ಗೂಟಿ ಕಟ್ಟಿ, ಎಂದರೆ ಮರದ ಮೇಲಿರುವಾಗಲೇ ಟೊಂಗೆಗೆ ಬೇರು ಬರಿಸಿ, ಮಾಡಿದ ಗಿಡ ಕೇಳಿ ನೋಡಿ. ಬಯಲುಸೀಮೆಯವರಿಗಾದರೆ ನಾನು ಬೇಡವೆನ್ನುತ್ತಿದ್ದೆ, ತೀರ್ಥಹಳ್ಳಿಯ ತೇವಕ್ಕೆ, ಅಡಿಕೆ ತೋಟದ ಅಂಚಿನ ನೆರಳಿಗೆ ಅದು ತವರಿಗೆ ಬಂದಂತೆಯೇ ಇದ್ದೀತು. ಬಂದರೆ ನನಗೊಂದು ಕಾಗದ ಬರೆಯಿರಿ, ಬಸ್ಸು ಹತ್ತಿ ಬರುತ್ತೇನೆ.

ಮಿಸ್, ನಮ್ಮ ಸ್ಕೂಲ್ ಹತ್ತಿರ ನೀರುಕಾಯಿ ಮರ ಇದೆ. ಮೊಗ್ಗಿನ ಒಳಗೆ ನೀರು ಯಾಕೆ ಇರುತ್ತೆ? ಅದು ಹೂವಿನ ಉಚ್ಚೆ ಅಂತ ನನ್ನ ಫ್ರೆಂಡ್ ಹೇಳ್ತಾನೆ. — 6ನೇ ತರಗತಿ, ಹಾಸನ

ಮರಿ, ನಿನ್ನ ಫ್ರೆಂಡ್ ಹೇಳುವುದನ್ನೇ ನಮ್ಮ ಕಾಲದಲ್ಲೂ ಹೇಳುತ್ತಿದ್ದರು. ಉಚ್ಚೆ ಅಲ್ಲ. ಆ ಮರ ಆಫ್ರಿಕಾದ್ದು. ಒಳಗಿನ ಎಳೆ ಹೂ ಒಣಗದಂತೆ, ಹುಳ ತಿನ್ನದಂತೆ ಮೊಗ್ಗಿನ ಹೊರಕವಚ ನೀರಿನ ಚೀಲದ ಹಾಗೆ ತುಂಬಿಕೊಂಡಿರುತ್ತದೆ. ಬಾಳೆಹಣ್ಣಿನಂತೆ ಬಾಗಿದ ಮೊಗ್ಗುಗಳು ಒಂದು ಗುಂಪಾಗಿ ಇರುತ್ತವಲ್ಲ, ಹೊರಸುತ್ತಿನವು ಮೊದಲು ಅರಳುತ್ತವೆ, ಗಮನಿಸಿ ನೋಡು. ಈ ಮರ ಕೆಲವು ದ್ವೀಪಗಳಲ್ಲಿ ಮಿತಿಮೀರಿ ಹಬ್ಬಿ ತುಂಬ ತೊಂದರೆ ಕೊಟ್ಟಿದೆ, ಹಾಗಾಗಿ ಬೀಜ ತಂದು ಮನೆಯಲ್ಲಿ ಹಾಕಬೇಡ.

ತುದಿ ಮುರಿದು ಒತ್ತಿದರೆ ಎಷ್ಟು ದೂರ ಚಿಮ್ಮುತ್ತದೆ ಎಂದು ನಾನು ಹೇಳಿಕೊಡಬೇಕಾಗಿಲ್ಲ. ಕಣ್ಣಿಗೆ ಮಾತ್ರ ಹೊಡೆಯಬೇಡ. ಸೋಮವಾರದ ಬಿಳಿ ಯೂನಿಫಾರ್ಮಿನ ದಿನವೂ ಬೇಡ. ಹಳದಿ ಕಲೆ ಬೀಳುತ್ತದೆ, ನಮ್ಮಮ್ಮ ಸೋಪು, ನಿಂಬೆಹಣ್ಣು, ಕೊನೆಗೆ ಬೆತ್ತ ಎಲ್ಲ ಹಾಕಿ ನೋಡಿದರೂ ಹೋಗಲಿಲ್ಲ.